ಟಿಫಿನ್ ಕ್ಯಾರಿಯರಿನ ಚುಕ್ಕಿಗಳು



ಈ ತಿಂಗಳ ಮಾತು ಅಡುಗೆಮನೆಯಿಂದ ಆರಂಭ. ಅಮ್ಮನ ಅನುಮತಿ ಪಡೆದು ಒಂದು ಸ್ಟೀಲ್ ಟಿಫಿನ್ ಕ್ಯಾರಿಯರನ್ನು ಕೈಗೆ ತೆಗೆದುಕೊಳ್ಳಿ. ಡಬ್ಬಿಯ ಎರಡೂ ಪಕ್ಕದಲ್ಲಿ ಹಿಡಿಯ ಪಟ್ಟಿ ತೂರಿಸುವುದಕ್ಕೆಂದು ಪುಟ್ಟ ಕಿವಿಗಳಿರುತ್ತವಲ್ಲ, ಅವುಗಳ ಮೇಲೆ ಬೆರಳಾಡಿಸಿ ನೋಡಿ. ಮೆಣಸಿನ ಕಾಳಿನ ಗಾತ್ರದ, ತುಸು ತಗ್ಗಾದ ದುಂಡು ಗುರುತುಗಳು ಸಿಗುತ್ತವೆ. ಅಲ್ಲಿ ಮೊಳೆಯಿಲ್ಲ, ರಿವೆಟ್ಟಿಲ್ಲ, ಅಂಟಿಲ್ಲ. ಹಾಗಿದ್ದೂ ಇಪ್ಪತ್ತು ವರ್ಷ ಸಾಂಬಾರು ಹೊತ್ತ ಡಬ್ಬಿಯ ಕಿವಿ ಕಿತ್ತು ಬಂದದ್ದು ಅಪರೂಪ. ಆ ಚುಕ್ಕಿಯಲ್ಲಿ ಎರಡು ತಗಡುಗಳು ಕರಗಿ ಒಂದೇ ತಗಡಾಗಿವೆ.

ಇದಕ್ಕೆ ಸ್ಪಾಟ್ ವೆಲ್ಡಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಚುಕ್ಕಿ ಬೆಸುಗೆ ಎನ್ನೋಣ. 'ಬೆಸುಗೆ' ಎಂಬ ಮಾತು ನಿಮ್ಮಲ್ಲಿ ಹಲವರಿಗೆ ಹೊಸದಿರಬಹುದು. ಬೆಸೆ ಎಂದರೆ ಜೋಡಿಸು, ಒಂದಾಗಿಸು. ಊರಿನ ಕಮ್ಮಾರ ಎರಡು ಕಬ್ಬಿಣದ ತುಂಡುಗಳನ್ನು ಕುಲುಮೆಯಲ್ಲಿ ಕೆಂಪಗೆ, ಬಿಳುಪಿಗೆ ತಿರುಗುವವರೆಗೆ ಕಾಯಿಸಿ, ಬಿಳಿಗಾರ ಉದುರಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿದು ಒಂದು ಮಾಡುತ್ತಿದ್ದನಲ್ಲ, ಅದೂ ಬೆಸುಗೆಯೇ. ನಮ್ಮ ಟಿಫಿನ್ ಕ್ಯಾರಿಯರಿನ ಚುಕ್ಕಿಯಲ್ಲಿ ಕುಲುಮೆಯ ಕೆಲಸವನ್ನು ವಿದ್ಯುತ್ತು ಮಾಡಿದೆ, ಸುತ್ತಿಗೆಯ ಕೆಲಸವನ್ನು ತಾಮ್ರದ ಎರಡು ಮೊನೆಗಳ ಒತ್ತಡ ಮಾಡಿದೆ. ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟೆಯ ಹ್ಯುಂಡೈ ಕಾರ್ಖಾನೆಯಲ್ಲಿ 1998ರಿಂದ ಕಾರುಗಳು ತಯಾರಾಗುತ್ತಿವೆಯಷ್ಟೆ. ಉಕ್ಕಿನ ಮೈಯ ಒಂದೊಂದು ಕಾರಿನಲ್ಲೂ ಇಂಥ ಚುಕ್ಕಿಗಳು ಸಾವಿರಗಟ್ಟಲೆ ಇರುತ್ತವೆ.

ಈ ವಿಷಯ ಎತ್ತಿಕೊಳ್ಳಲು ಕಾರಣ ನಮ್ಮ ಎದುರು ಮನೆಯ ಹುಡುಗ. ಇಂಜಿನಿಯರಿಂಗ್ ಎರಡನೆಯ ವರ್ಷ. ಅವನ ತಾತ ಕನ್ನಡ ಚಿತ್ರಗಳು ಮದರಾಸಿನಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಕೋಡಂಬಾಕ್ಕಂ ಸ್ಟುಡಿಯೋಗಳಲ್ಲಿ ದೀಪಗಳ ಕೆಲಸ ಮಾಡುತ್ತಿದ್ದವರು. ಕೈ ಚುರುಕು ವಂಶದಲ್ಲಿ ಬಂದಿದೆ; ಆತುರ ಎಲ್ಲಿಂದ ಬಂತೋ ತಿಳಿಯದು.

2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತದ ಮಳೆಯಲ್ಲಿ ಊರು ಮುಳುಗಿದ್ದು ನಿಮಗೆಲ್ಲ ನೆನಪಿದ್ದೀತು. ವೇಳಚೇರಿ, ಪಳ್ಳಿಕರಣೈ ಕಡೆಯವರಿಗಂತೂ ಹೇಳಬೇಕಾಗಿಯೇ ಇಲ್ಲ. ದಿನಗಟ್ಟಲೆ ಕರೆಂಟಿಲ್ಲ. ಆ ಕತ್ತಲಲ್ಲಿ ಹುಡುಗನ ಅಜ್ಜಿಯ ಎಮರ್ಜೆನ್ಸಿ ದೀಪ ಹತ್ತೇ ನಿಮಿಷ ಉರಿದು ಆರಿತು. ಅಜ್ಜಿಗೆ ರಾತ್ರಿ ಎರಡು ಸಲ ಏಳಬೇಕು. ಒಮ್ಮೆ ಬಾತ್‌ರೂಮಿನ ಹೊಸ್ತಿಲು ಎಡವಿದರು. ಗೋಡೆ ಹಿಡಿದದ್ದರಿಂದ ಬೀಳಲಿಲ್ಲ. ಮಳೆ ನಿಂತ ಮೇಲೆ ಮೊಮ್ಮಗ ದೀಪ ಬಿಚ್ಚಿದ. ಒಳಗೆ 18650 ಎಂಬ ಎರಡು ಲಿಥಿಯಂ ಸೆಲ್ಲುಗಳು. ಹೆಸರೇ ಅಳತೆ: ವ್ಯಾಸ 18 ಮಿಲಿಮೀಟರ್, ಉದ್ದ 65. ಹಳೆಯವನ್ನು ಕಿತ್ತು ಹೊಸ ಸೆಲ್ಲು ತಂದು ಸಾಲ್ಡರಿಂಗ್ ಐರನ್ನಿನಿಂದ ತಂತಿ ಹಚ್ಚಲು ಕೂತ. ಸೆಲ್ಲಿನ ತಳಕ್ಕೆ ಸೀಸ ಹಿಡಿಯಲೊಲ್ಲದು. ಇವನು ಐರನ್ ಒತ್ತಿ ಹಿಡಿದೇ ಹಿಡಿದ. ಮುಟ್ಟಲಾಗದಷ್ಟು ಬಿಸಿಯಾದ ಮೇಲೆ ನನ್ನ ಬಾಗಿಲು ತಟ್ಟಿದ.

"ಮಾಮ, ಇದು ಸರಿಯಾಗಿದೆಯಾ ನೋಡ್ತೀರಾ?"

ಸರಿಯಾಗಿರಲಿಲ್ಲ. ಲಿಥಿಯಂ ಸೆಲ್ಲಿನೊಳಗೆ ಎರಡು ಧ್ರುವಗಳ ನಡುವೆ ತೆಳ್ಳನೆಯ ಪ್ಲಾಸ್ಟಿಕ್ ಪರದೆ ಇರುತ್ತದೆ. ಪಾಲಿಥೀನಿನ ಪರದೆಯಾದರೆ ಸುಮಾರು 130 ಡಿಗ್ರಿಗೆ ಕರಗತೊಡಗುತ್ತದೆ. ಸಾಲ್ಡರಿಂಗ್ ಐರನ್ನಿನ ತುದಿ 350 ಡಿಗ್ರಿಯ ಹತ್ತಿರ. ಪರದೆ ಹೋದರೆ ಒಳಗೇ ಶಾರ್ಟ್, ಆಮೇಲೆ ಬೆಂಕಿ. ಆ ಎರಡು ಸೆಲ್ಲುಗಳನ್ನು ಮರಳಿನ ಬಕೆಟ್ಟಿನಲ್ಲಿಟ್ಟು ಬಾಲ್ಕನಿಗೆ ಕಳಿಸಿದೆ. ಇಂಥ ಸೆಲ್ಲಿಗೆ ಚುಕ್ಕಿ ಬೆಸುಗೆಯೊಂದೇ ದಾರಿ ಎಂದೆ. ಮಾರನೆಯ ದಿನ ಹುಡುಗ ಗುಜರಿಯಿಂದ ಕೆಟ್ಟ ಮೈಕ್ರೋವೇವ್ ಒಲೆಯೊಂದನ್ನು ಹೊತ್ತು ತಂದ. ಅದರೊಳಗಿನ ಟ್ರಾನ್ಸ್‌ಫಾರ್ಮರಿನಿಂದ ವೆಲ್ಡಿಂಗ್ ಯಂತ್ರ ಮಾಡಬಹುದೆಂದು ಯಾರೋ ಹೇಳಿದ್ದರಂತೆ.

ಹೇಳಿದ್ದು ಸುಳ್ಳಲ್ಲ. ಅದರ ತತ್ವ ನೂರೈವತ್ತು ವರ್ಷದಷ್ಟು ಹಳೆಯದು. 1877ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಲಿಹು ಥಾಮ್ಸನ್ ಎಂಬ ಹರೆಯದ ಶಾಲಾ ಮೇಷ್ಟ್ರು ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನಲ್ಲಿ ಉಪನ್ಯಾಸ ಮಾಡುತ್ತಿದ್ದರು. ಇಂಡಕ್ಷನ್ ಕಾಯಿಲನ್ನು ಹಿಂದುಮುಂದಾಗಿ ಬಳಸಿ, ತೆಳು ತಂತಿಯ ಸುರುಳಿಗೆ ಲೇಡನ್ ಜಾಡಿಗಳ ವಿದ್ಯುತ್ತನ್ನು ಬಿಟ್ಟಾಗ, ಇನ್ನೊಂದು ಸುರುಳಿಯ ಒಂದಕ್ಕೊಂದು ತಾಗಿಕೊಂಡಿದ್ದ ದಪ್ಪ ತಂತಿಗಳ ತುದಿಗಳು ಬೆಸೆದುಕೊಂಡುಬಿಟ್ಟವು. ಹೆಚ್ಚು ವೋಲ್ಟು, ಕಡಿಮೆ ಆಂಪಿಯರು ಒಳಹೋಗಿ ಕಡಿಮೆ ವೋಲ್ಟು, ಹೆಚ್ಚು ಆಂಪಿಯರಾಗಿ ಹೊರಬಂದಿತ್ತು. ಆ ಆಕಸ್ಮಿಕವನ್ನು ಮರೆಯದೆ ಮುಂದುವರಿಸಿ 1886ರಲ್ಲಿ ಪೇಟೆಂಟ್ ಪಡೆದರು. ಮುಂದೆ 1892ರಲ್ಲಿ ಅವರ ಕಂಪೆನಿಯೂ ಎಡಿಸನ್ನರ ಕಂಪೆನಿಯೂ ಸೇರಿ ಜನರಲ್ ಎಲೆಕ್ಟ್ರಿಕ್ ಆಯಿತು.

ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರಿನಲ್ಲೂ ಇದನ್ನೇ ಮಾಡುತ್ತಾರೆ. ಅದರ ತೆಳು ತಂತಿಯ ಸುರುಳಿಯನ್ನು ಪೂರ್ತಿ ಕಡಿದು ತೆಗೆದು, ಆ ಜಾಗದಲ್ಲಿ ಹೆಬ್ಬೆರಳು ದಪ್ಪದ ಕೇಬಲನ್ನು ಎರಡೇ ಸುತ್ತು ಸುತ್ತುತ್ತಾರೆ. ಸುತ್ತಿಗೆ ಸುಮಾರು ಒಂದು ವೋಲ್ಟಿನಂತೆ ಎರಡು ವೋಲ್ಟು ಬರುತ್ತದೆ, ಆಂಪಿಯರು ಮಾತ್ರ ನೂರುಗಟ್ಟಲೆ. ಇಷ್ಟು ಕೇಳಿದರೆ ಸುಲಭವೇ. ಆದರೆ ಮೂಲ ಸುರುಳಿಯಲ್ಲಿ ಸುಮಾರು 2,000 ವೋಲ್ಟು ಹುಟ್ಟುತ್ತದೆ, ಅದೂ ಮನುಷ್ಯನನ್ನು ಕೊಲ್ಲಲು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಪ್ರವಾಹದೊಡನೆ. ಪಕ್ಕದಲ್ಲೇ ಇರುವ ಕೆಪಾಸಿಟರು ಪ್ಲಗ್ ಕಿತ್ತ ಮೇಲೂ ಆ ವಿದ್ಯುತ್ತನ್ನು ಹಿಡಿದುಕೊಂಡಿರಬಹುದು. ಒಲೆ ಕೆಟ್ಟಿದೆ ಎಂದರೆ ಕೆಪಾಸಿಟರು ಖಾಲಿಯಾಗಿದೆ ಎಂದಲ್ಲ. ಮನೆಯಲ್ಲಿ ಮಾಡುವ ಹವ್ಯಾಸಗಳಲ್ಲಿ ಇದರಷ್ಟು ಅಪಾಯದ್ದು ಕಡಿಮೆ. ಅನುಭವಿಗಳು ಸತ್ತಿದ್ದಾರೆ. ಹುಡುಗ ಹಿಂದಿನ ಮುಚ್ಚಳದ ನಾಲ್ಕು ತಿರುಪು ಆಗಲೇ ಬಿಚ್ಚಿದ್ದ. ಐದನೆಯದು ತುಕ್ಕು ಹಿಡಿದು ಬರಲಿಲ್ಲ. ಆ ತುಕ್ಕಿಗೆ ನಾನು ಇವತ್ತಿಗೂ ಋಣಿ. ಒಲೆಯನ್ನು ಹಾಗೇ ಕಟ್ಟಿ ಗುಜರಿಗೆ ವಾಪಸು ಕಳಿಸಿದೆವು. ಮೂರು ದಿನ ನನ್ನೊಡನೆ ಮಾತು ಬಿಟ್ಟ.

ನಾಲ್ಕನೆಯ ದಿನ ಬಂದಾಗ ಒಂದು ಕಾಗದ ಕೊಟ್ಟು ಲೆಕ್ಕ ಹಾಕಲು ಹೇಳಿದೆ. ನೀವೂ ಹಾಕಿ. ಜೂಲನ ನಿಯಮ ಶಾಲೆಯಲ್ಲಿ ಓದಿದ್ದೀರಿ: ಹುಟ್ಟುವ ಶಾಖ ಎಂದರೆ ಪ್ರವಾಹದ ವರ್ಗ, ಗುಣಿಸು ರೋಧ, ಗುಣಿಸು ಕಾಲ. 500 ಆಂಪಿಯರ್ ಪ್ರವಾಹ, ಕೂಡುವ ಜಾಗದಲ್ಲಿ ಒಂದು ಓಮಿನ ಸಾವಿರದಲ್ಲೊಂದು ಪಾಲು ರೋಧ, ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲು ಕಾಲ ಎಂದಿಟ್ಟುಕೊಳ್ಳಿ. ಬರುವ ಉತ್ತರ ಹನ್ನೆರಡೂವರೆ ಜೂಲ್. ಇಷ್ಟು ಶಾಖದಿಂದ ಒಂದು ಚಮಚ ನೀರು ಒಂದು ಡಿಗ್ರಿಯೂ ಬಿಸಿಯಾಗದು! ಆದರೆ ಅಷ್ಟೂ ಶಾಖ ಒಂದೂವರೆ ಮಿಲಿಮೀಟರ್ ಅಗಲದ ಚುಕ್ಕಿಯೊಳಗೆ, ಸುತ್ತಲಿಗೆ ಹರಡಲು ಪುರಸೊತ್ತು ಸಿಗುವ ಮೊದಲೇ ಹುಟ್ಟಿದರೆ, 1,455 ಡಿಗ್ರಿಗೆ ಕರಗುವ ನಿಕ್ಕಲ್ ಕೂಡ ಕರಗುತ್ತದೆ. ಚುಕ್ಕಿ ಕರಗಿದರೂ ಸೆಲ್ಲಿನ ಮೈ ಬೆಚ್ಚಗಾಗುವುದಿಲ್ಲ. ಐರನ್ ಹಿಡಿದು ಐದಾರು ಸೆಕೆಂಡು ಕೂತದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದೇ ಎಲ್ಲ.

ಅಂದರೆ ನಮಗೆ ಬೇಕಾದ್ದು ವೋಲ್ಟು ಅಲ್ಲ, ಕ್ಷಣಮಾತ್ರದ ಭಾರಿ ಪ್ರವಾಹ. ಅದನ್ನು ಕೊಡುವ ಸಾಮಾನು ಪ್ರತಿ ಕಾರಿನಲ್ಲೂ ಇದೆ: 12 ವೋಲ್ಟಿನ ಬ್ಯಾಟರಿ. ಇಂಜಿನ್ ಚಾಲೂ ಮಾಡುವಾಗ ನೂರಾರು ಆಂಪಿಯರ್ ಕೊಡುವುದೇ ಅದರ ಕೆಲಸ. ಆ ಪ್ರವಾಹವನ್ನು ಹಚ್ಚಿ ಆರಿಸುವ ದಪ್ಪ ಸ್ವಿಚ್ಚೂ ಕಾರಿನಲ್ಲೇ ಇದೆ, ಸ್ಟಾರ್ಟರ್ ಸೊಲೆನಾಯ್ಡ್. ಗೋಡೆಯ 230 ವೋಲ್ಟಿನ ಸಹವಾಸವೇ ಬೇಡ.

ಹೀಗೆಂದು 12 ವೋಲ್ಟು ನಿರಪಾಯಕಾರಿ ಎಂದುಕೊಳ್ಳಬೇಡಿ. ನನ್ನ ಎಡಗೈಯ ಉಂಗುರದ ಬೆರಳಿನ ಸುತ್ತ ಒಂದು ಬಿಳಿಯ ಗೆರೆ ಇದೆ. ಮದುವೆಯಾದ ಹೊಸತು. ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಕೆಲಸ. ಲಾರಿಯ ಬ್ಯಾಟರಿಯ ತಿರುಪು ಬಿಗಿ ಮಾಡುವಾಗ ಸ್ಪ್ಯಾನರಿಗೂ ಬ್ಯಾಟರಿಯ ಇನ್ನೊಂದು ತುದಿಗೂ ನಡುವೆ ನನ್ನ ಹೊಸ ಉಂಗುರ ತಾಗಿತು. ಶಾಕ್ ಹೊಡೆಯಲಿಲ್ಲ, ಚರ್ಮಕ್ಕೆ 12 ವೋಲ್ಟು ತಿಳಿಯುವುದೇ ಇಲ್ಲ. ಆದರೆ ಉಂಗುರ ಕಣ್ಣು ಮಿಟುಕಿಸುವುದರಲ್ಲಿ ಕಾದು ಕೆಂಡವಾಯಿತು. ಜೂಲನ ನಿಯಮವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನೀವು ಈ ಕೆಲಸಕ್ಕೆ ಕೂರುವ ಮೊದಲು ಉಂಗುರ, ಬಳೆ, ವಾಚು, ಕತ್ತಿನ ಸರ ಎಲ್ಲ ತೆಗೆದಿಟ್ಟು ಬನ್ನಿ. ಕಣ್ಣಿಗೆ ಕನ್ನಡಕ ಬೇಕು, ಕಿಡಿ ಹಾರುತ್ತದೆ. ಕಿಟಕಿ ತೆರೆದಿರಲಿ, ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ, ಅದರ ಬಳಿ ಕಿಡಿ ಕೂಡದು. ಮನೆಯ ಇನ್ವರ್ಟರ್ ಬ್ಯಾಟರಿಗೆ ಕೈ ಹಾಕಬೇಡಿ, ಅಮ್ಮನ ಬೈಗುಳ ಅದಕ್ಕೆ ಕಾರಣಗಳಲ್ಲಿ ಒಂದು ಮಾತ್ರ. ಮತ್ತೆ, ಒಬ್ಬರೇ ಕೂತು ಮಾಡಬೇಡಿ.

ಸಾಮಾನಿಗೆ ಪುದುಪೇಟೆಗೆ ಹೋದೆವು. ಎಗ್ಮೋರಿನ ಪಕ್ಕದ ಆ ಬೀದಿಗಳಲ್ಲಿ ಒಂದು ಕಾರನ್ನು ಬಿಚ್ಚಿದ ಕ್ರಮದಲ್ಲೇ ಮತ್ತೆ ಕೊಂಡುಕೊಳ್ಳಬಹುದು: ಈ ಅಂಗಡಿಯಲ್ಲಿ ಬಾಗಿಲು, ಆ ಅಂಗಡಿಯಲ್ಲಿ ಗೇರ್‌ಬಾಕ್ಸು. ಹಳೆಯ ಸೊಲೆನಾಯ್ಡ್ 300 ರೂಪಾಯಿ, ಲಾರಿಗಳಲ್ಲಿ ಹಾಕುವ ಬ್ಯಾಟರಿ ಕಟ್-ಆಫ್ ಸ್ವಿಚ್ 200, ದಪ್ಪ ವೆಲ್ಡಿಂಗ್ ಕೇಬಲಿನ ತುಂಡುಗಳು 250. ಬ್ಯಾಟರಿ ನನ್ನ ಹಳೆಯ ಮಾರುತಿಯದು, ಖರ್ಚಿಲ್ಲ. ಹುಡುಗನ ಚೌಕಾಸಿ ನೋಡಿ ಬೆರಗಾದೆ. ಮನೆಯಲ್ಲಿ ಕನ್ನಡದಲ್ಲಿ ಬಾಯಿ ಬಿಡದವನು ಅಲ್ಲಿ ತಮಿಳಿನಲ್ಲಿ ಅರಳು ಹುರಿದ ಹಾಗೆ ಮಾತಾಡಿದ. ಅಲ್ಲಿಂದ ರಿಚಿ ಸ್ಟ್ರೀಟ್. ಮೌಂಟ್ ರೋಡಿನಿಂದ ಒಳಗೆ ತಿರುಗಿದರೆ ರೆಸಿಸ್ಟರಿನಿಂದ ಹಿಡಿದು ರೇಡಿಯೋವರೆಗೆ ಸಿಗುವ ಆ ಗಲ್ಲಿಯನ್ನು ನಿಮಗೆ ನಾನು ಪರಿಚಯಿಸಬೇಕಿಲ್ಲ. 555 ಟೈಮರ್ ಐಸಿ, ಒಂದು ರಿಲೇ, ಡಯೋಡುಗಳು, ಬಿಡಿ ಭಾಗಗಳೆಲ್ಲ ಸೇರಿ 140. ನಿಕ್ಕಲ್ ಪಟ್ಟಿ 150. ಒಟ್ಟು 1,040 ರೂಪಾಯಿ.

ನಿಕ್ಕಲ್ ಪಟ್ಟಿ ಕೊಳ್ಳುವಾಗ ಒಂದು ಎಚ್ಚರ. ಶುದ್ಧ ನಿಕ್ಕಲ್ ಎಂದು ಹೇಳಿ ನಿಕ್ಕಲ್ ಲೇಪದ ಕಬ್ಬಿಣ ಕೊಡುವವರಿದ್ದಾರೆ. ನೋಡಲು ಎರಡೂ ಒಂದೇ. ತುಂಡನ್ನು ಅರದಿಂದ ಕೆರೆದು ರಾತ್ರಿಯೆಲ್ಲ ಉಪ್ಪುನೀರಿನಲ್ಲಿಡಿ. ಬೆಳಿಗ್ಗೆ ಕೆಂಪು ತುಕ್ಕು ಕಂಡರೆ ಕಬ್ಬಿಣ.

ಕಟ್ಟುವ ರೀತಿ ಹೀಗೆ. ಬ್ಯಾಟರಿಯ ಧನ ತುದಿಯಿಂದ ಕಟ್-ಆಫ್ ಸ್ವಿಚ್, ಅಲ್ಲಿಂದ ಸೊಲೆನಾಯ್ಡಿನ ದಪ್ಪ ತಿರುಪು, ಅದರ ಇನ್ನೊಂದು ತಿರುಪಿನಿಂದ ಕೇಬಲು, ಕೇಬಲಿನ ತುದಿಗೆ ಎಂಟು ಗೇಜಿನ ತಾಮ್ರದ ಕಡ್ಡಿ, ಪೆನ್ಸಿಲಿನಂತೆ ಮೊನೆ ಮಾಡಿದ್ದು. ಋಣ ತುದಿಯಿಂದ ನೇರ ಇನ್ನೊಂದು ಕಡ್ಡಿಗೆ. ಕೇಬಲು ಗಿಡ್ಡವಾಗಿರಲಿ. 25 ಚದರ ಮಿಲಿಮೀಟರ್ ತಾಮ್ರದ ಒಂದು ಮೀಟರಿನ ರೋಧ ಸುಮಾರು 0.7 ಮಿಲಿಓಮ್, ಕೂಡುವ ಜಾಗದ ರೋಧವೇ ಒಂದು ಮಿಲಿಓಮಿನ ಆಸುಪಾಸು. ಕೇಬಲು ಉದ್ದವಾದರೆ ಚುಕ್ಕಿಯ ಬದಲು ಕೇಬಲೇ ಬಿಸಿಯಾಗುತ್ತದೆ. ಎಲ್ಲಿ ರೋಧವೋ ಅಲ್ಲಿ ಶಾಖ, ಈ ಯಂತ್ರದ ಒಳ್ಳೆಯದೂ ಕೆಟ್ಟದ್ದೂ ಎಲ್ಲ ಅದೇ. ತಿರುಪು ಸಡಿಲವಿದ್ದರೆ ಅಲ್ಲೇ ಹೊಗೆ.

ಕಾಲವನ್ನು ಅಳೆಯುವುದಕ್ಕೆ 555. ಕೈಯಿಂದ ಬಟನ್ ಒತ್ತಿ ಬಿಡುವುದು ಎಷ್ಟು ಚುರುಕಾದರೂ ಪ್ರತಿ ಸಲ ಒಂದೇ ಹೊತ್ತು ಬರುವುದಿಲ್ಲ. 1 ಮೈಕ್ರೋಫ್ಯಾರಡ್ ಕೆಪಾಸಿಟರು, 100 ಕಿಲೋ ಓಮಿನ ವೇರಿಯಬಲ್ ರೆಸಿಸ್ಟರು ಹಾಕಿದರೆ 1.1 ಗುಣಿಸು ರೋಧ ಗುಣಿಸು ಧಾರಕತೆ, ಅಂದರೆ ಹೆಚ್ಚೆಂದರೆ 0.11 ಸೆಕೆಂಡು. ಸೊಲೆನಾಯ್ಡ್ ಮುಚ್ಚಿಕೊಳ್ಳುವುದಕ್ಕೇ ಅದರಲ್ಲಿ ಸ್ವಲ್ಪ ಹೊತ್ತು ಹೋಗುತ್ತದೆ, ಆದ್ದರಿಂದ ಸರಿಯಾದ ಜಾಗವನ್ನು ತಿರುಗಿಸಿ ತಿರುಗಿಸಿಯೇ ಕಂಡುಕೊಳ್ಳಬೇಕು, ಕಡಿಮೆಯಿಂದ ಆರಂಭಿಸಿ. 555 ಐಸಿಗೆ ಸೊಲೆನಾಯ್ಡನ್ನು ಎಳೆಯುವ ತ್ರಾಣವಿಲ್ಲ. ಅದು ರಿಲೇಯನ್ನು ನಡೆಸಲಿ, ರಿಲೇ ಸೊಲೆನಾಯ್ಡನ್ನು ನಡೆಸಲಿ. ಎರಡರ ಸುರುಳಿಗಳಿಗೂ ಅಡ್ಡಲಾಗಿ ಒಂದೊಂದು ಡಯೋಡನ್ನು ಉಲ್ಟಾ ಹಾಕುವುದನ್ನು ಮರೆತರೆ ಐಸಿ ಸುಡುತ್ತದೆ. ನಾವು ಮರೆತೆವು, ಹತ್ತು ರೂಪಾಯಿ ಹೋಯಿತು.

ಅದಕ್ಕಿಂತ ದೊಡ್ಡ ತಪ್ಪು ನನ್ನದು. ಕಂಟ್ರೋಲ್ ಸರ್ಕೀಟಿಗೂ ಅದೇ ಬ್ಯಾಟರಿಯಿಂದ ಕರೆಂಟು ಕೊಟ್ಟಿದ್ದೆ. ಮೊದಲ ಬೆಸುಗೆಗೆ ಬಟನ್ ಒತ್ತಿದಾಗ ಟಪಟಪನೆ ಸದ್ದು, ಆಮೇಲೆ ಮೌನ, ಮೊನೆಗಳ ಬಳಿ ಕಣ್ಣು ಕೋರೈಸುವ ಬೆಳಕು. ಪ್ರವಾಹ ಹರಿದೊಡನೆ ಬ್ಯಾಟರಿಯ ವೋಲ್ಟು ಕುಸಿದು ಸೊಲೆನಾಯ್ಡ್ ಬಿಟ್ಟಿತು, ಬಿಟ್ಟೊಡನೆ ವೋಲ್ಟು ಏರಿ ಮತ್ತೆ ಹಿಡಿಯಿತು, ಹೀಗೆ ಚಡಪಡಿಸಿ ಕೊನೆಗೆ ಅದರ ಒಳಗಿನ ತಾಮ್ರದ ತುದಿಗಳೇ ಬೆಸೆದುಕೊಂಡುಬಿಟ್ಟಿದ್ದವು. ಬೆಸುಗೆ ಆಯಿತು, ನಾವು ಬಯಸಿದ ಜಾಗದಲ್ಲಲ್ಲ! ಹುಡುಗ ಕಟ್-ಆಫ್ ಸ್ವಿಚ್ ತಿರುಗಿಸಿದ. ಅದೇ ಹುಡುಗ ಪುದುಪೇಟೆಯಲ್ಲಿ, "ಇದು ಯಾಕೆ ಮಾಮ, 200 ರೂಪಾಯಿ ದಂಡ" ಎಂದು ನನ್ನೊಡನೆ ವಾದಿಸಿದ್ದ. ಮತ್ತೊಂದು ಸೊಲೆನಾಯ್ಡಿಗೆ 300 ಕೊಟ್ಟು ಬಂದೆವು. ಕಂಟ್ರೋಲಿಗೆ ಹಳೆಯ ಯುಪಿಎಸ್ಸಿನ 7 ಆಂಪಿಯರ್-ಅವರ್ ಬ್ಯಾಟರಿಯನ್ನು ಬೇರೆಯಾಗಿ ಇಟ್ಟ ಮೇಲೆ ಆ ಕಾಟ ತಪ್ಪಿತು.

ಅಭ್ಯಾಸ ಸೆಲ್ಲಿನ ಮೇಲೆ ಬೇಡ. ಖಾಲಿ ಡಬ್ಬಿಯ ತಗಡಿನ ಮೇಲೆ ನಿಕ್ಕಲ್ ಪಟ್ಟಿಯ ತುಂಡಿಟ್ಟು ಕಲಿಯಿರಿ. ಪಟ್ಟಿ 0.15 ಮಿಲಿಮೀಟರಿಗಿಂತ ದಪ್ಪವಾದರೆ ಈ ಯಂತ್ರಕ್ಕೆ ಕಷ್ಟ. ಎರಡು ಮೊನೆಗಳನ್ನೂ ಪಟ್ಟಿಯ ಮೇಲೆಯೇ, ಐದಾರು ಮಿಲಿಮೀಟರ್ ಅಂತರದಲ್ಲಿ ಒತ್ತಬೇಕು. ಪ್ರವಾಹ ಒಂದರಿಂದ ಕೆಳಗಿಳಿದು ತಗಡಿನಲ್ಲಿ ಹಾದು ಇನ್ನೊಂದರಿಂದ ಮೇಲೇರಬೇಕು. ಅದು ಸೋಮಾರಿ, ಪಟ್ಟಿಯಲ್ಲೇ ಅಡ್ಡ ಹಾದುಬಿಡುತ್ತದೆ. ಅದಕ್ಕೇ ಪಟ್ಟಿಯ ನಡುವೆ ಕತ್ತರಿಯಿಂದ ಒಂದು ಸೀಳು ಮಾಡಬೇಕು. ಒತ್ತಡ ಕಡಿಮೆಯಾದರೆ ಕಿಡಿ ಹಾರಿ ತೂತು ಬೀಳುತ್ತದೆ, ಅತಿಯಾದರೆ ಕೂಡುವ ಜಾಗದ ರೋಧ ಇಳಿದು ಶಾಖವೇ ಹುಟ್ಟುವುದಿಲ್ಲ. ಮೊದಲು ಒತ್ತಿ, ಆಮೇಲೆ ಪ್ರವಾಹ ಬಿಡಿ, ಆಮೇಲೂ ಎರಡು ಎಣಿಸುವವರೆಗೆ ಒತ್ತಿಯೇ ಇರಿ.

ಪರೀಕ್ಷೆ ಕಣ್ಣಿನದಲ್ಲ, ಇಕ್ಕಳದ್ದು. ಪಟ್ಟಿಯನ್ನು ಹಿಡಿದು ಸುಲಿಯಿರಿ. ಸಲೀಸಾಗಿ ಎದ್ದು ಬಂದರೆ ಅದು ಅಂಟಿದ್ದು, ಬೆಸೆದದ್ದಲ್ಲ. ಪಟ್ಟಿಯೇ ಹರಿದು, ಚುಕ್ಕಿಗಳಷ್ಟು ತಗಡಿನ ಮೇಲೆ ಉಳಿದು, ಪಟ್ಟಿಯಲ್ಲಿ ತೂತು ಕಂಡರೆ ಬೆಸುಗೆ ಸರಿ. ದೊಡ್ಡ ಕಾರ್ಖಾನೆಗಳಲ್ಲೂ ಹೀಗೇ ಸುಲಿದು ನೋಡುವ ಪದ್ಧತಿ ಇದೆ. ಹುಡುಗ ಎಪ್ಪತ್ತಮೂರು ತುಂಡು ಸುಲಿದ. ಕೊನೆಯ ಇಪ್ಪತ್ತೂ ಸತತವಾಗಿ ಹರಿದ ಮೇಲೆ ಸೆಲ್ಲು ಮುಟ್ಟಲು ಬಿಟ್ಟೆ.

ಸೆಲ್ಲಿನ ವಿಷಯದಲ್ಲಿ ಮೂರು ಮಾತು ಗಂಟು ಹಾಕಿಕೊಳ್ಳಿ. ಜೊತೆ ಮಾಡುವ ಸೆಲ್ಲುಗಳ ವೋಲ್ಟು ಮೊದಲೇ ಸಮನಾಗಿರಬೇಕು, ಇಲ್ಲವಾದರೆ ಕೂಡಿದ ಕ್ಷಣ ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ. ಧನ ತುದಿಯ ಗುಬಟಿನ ಸುತ್ತ ಇರುವ ಅಂಚು ಋಣ. ಮೊನೆ ಜಾರಿದರೆ ಶಾರ್ಟ್, ಆದ್ದರಿಂದ ಮೊದಲು ನಿರೋಧಕ ಕಾಗದದ ಬಳೆ ಅಂಟಿಸಿ. ಮತ್ತೆ, ದೀಪದಲ್ಲಿದ್ದ ರಕ್ಷಣಾ ಸರ್ಕೀಟನ್ನು ಜಾಗ ಸಾಲದೆಂದು ಕಿತ್ತೆಸೆಯಬೇಡಿ. ನೀರಲ್ಲಿ ನೆಂದ, ತಗ್ಗು ಬಿದ್ದ, ಎಲ್ಲಿಂದ ಬಂತೆಂದು ತಿಳಿಯದ ಸೆಲ್ಲನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ.

ಇದೇ ಕೆಲಸದ ಪುಟ್ಟ ಯಂತ್ರಗಳು ಈಗ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತವೆ, ಅದೂ ನಮ್ಮ ಖರ್ಚಿಗಿಂತ ಬಹಳ ಹೆಚ್ಚಿಲ್ಲದೆ. ಹಾಗಾದರೆ ಇಷ್ಟು ಪಾಡು ಯಾಕೆ ಎಂದು ಹುಡುಗನ ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆ. ಹುಡುಗ ಅಷ್ಟರಲ್ಲಿ ಮೂರು ತಿಂಗಳಿಂದ ತಲೆಗೆ ಹತ್ತದಿದ್ದ ಒಳರೋಧದ ಪಾಠವನ್ನು ತಂದೆಗೇ ವಿವರಿಸತೊಡಗಿದ್ದ, ಕುಸಿದ ಬ್ಯಾಟರಿಯನ್ನು ತೋರಿಸಿ. ನಾನು ಬಾಯಿ ಹಾಕಲಿಲ್ಲ.

ಅಜ್ಜಿಯ ದೀಪ ಈಗ ಒಂದು ರಾತ್ರಿ ಪೂರ್ತಿ ಉರಿಯುತ್ತದೆ. ದೀಪ ನೋಡಿದ ಅಜ್ಜಿ ಒಳಗೆ ಹೋಗಿ ಹಿಡಿ ಕಳಚಿದ ಸ್ಟೀಲ್ ಸೌಟೊಂದನ್ನು ತಂದು, "ಹಾಗಾದ್ರೆ ಇದನ್ನೂ ಹಚ್ಚಿಕೊಡೋ" ಎಂದರು. ಒಂದು ಮಿಲಿಮೀಟರ್ ದಪ್ಪದ ಹಿಡಿ. ಮೊಮ್ಮಗ ಟೈಮರನ್ನು ಕೊನೆಯವರೆಗೆ ತಿರುಗಿಸಿ ಆರು ಸಲ ಪ್ರಯತ್ನಿಸಿದ. ಸೌಟಿನ ಮೇಲೆ ಕಪ್ಪು ಕಲೆಗಳಾದವು, ಹಿಡಿ ಕೂರಲಿಲ್ಲ. ಅಜ್ಜಿ ಅದನ್ನು ಪಾತ್ರೆ ಅಂಗಡಿಗೆ ಕಳಿಸಿದ್ದಾರೆ.